ಊರನ್ನು ರಂಗೋಲಿ ಪುಡಿಯಲ್ಲಿ ಓಡಿಸುವುದು ಹೇಗೆ: ಒಂದೂವರೆ ನಿಮಿಷದ ಅನಿಮೇಷನ್ ಚಿತ್ರಕ್ಕೆ ಸಮಗ್ರ ಮಾರ್ಗದರ್ಶಿ

ಮೈಸೂರಿನ ಬಗ್ಗೆ ನಾನು ಮಾಡಿದ ಮೊದಲ ಅನಿಮೇಷನ್ ಚಿತ್ರದಲ್ಲಿ ಅರಮನೆ ಇತ್ತು, ಅಂಬಾರಿ ಇತ್ತು, ಚಾಮುಂಡಿ ಬೆಟ್ಟ ಇತ್ತು. ಕೊನೆಯಲ್ಲಿ ಅರಮನೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದವು. ಮೂರು ತಿಂಗಳ ಕೆಲಸ. ನೋಡಿದ ಗೆಳೆಯನೊಬ್ಬ, "ಚೆನ್ನಾಗಿದೆ ಕಣೋ, ಯಾವ ಹೋಟೆಲಿನವರಿಗೆ ಮಾಡಿಕೊಟ್ಟೆ?" ಅಂತ ಕೇಳಿದ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ.

ಎರಡನೆಯದು 88 ಸೆಕೆಂಡಿನ ಚಿತ್ರ. ಅದರಲ್ಲಿ ಇರುವುದು ದೇವರಾಜ ಮಾರ್ಕೆಟ್ಟಿನ ಒಂದು ಸಂಜೆ, ಹೂವು ಅಳೆಯುವ ಒಂದು ಕೈ, ಮನೆಗೆ ಹೋಗುವ ಒಂದು ಬಸ್ಸು. ಅಷ್ಟೇ. ಕಪ್ಪು ಹಲಗೆಯ ಮೇಲೆ ರಂಗೋಲಿ ಪುಡಿಯಲ್ಲಿ ಬಿಡಿಸಿ, ಅಳಿಸಿ, ಮತ್ತೆ ಬಿಡಿಸಿ, ಫೋನಿನಲ್ಲೇ ತೆಗೆದದ್ದು. ಇದನ್ನು ನೋಡಿದವರು ಯಾರೂ ಹೋಟೆಲಿನ ಹೆಸರು ಕೇಳಲಿಲ್ಲ. ಆ ಎರಡನೆಯ ಚಿತ್ರವನ್ನು ಹೇಗೆ ಮಾಡಿದೆ ಅನ್ನುವುದನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ. ನಿಮ್ಮ ಊರು ಬೇರೆ ಇರಬಹುದು, ಪುಡಿಯ ಬದಲು ಇದ್ದಿಲು ಹಿಡಿಯಬಹುದು. ದಾರಿ ಹೆಚ್ಚುಕಡಿಮೆ ಇದೇ.

"ನನಗೆ ಚಿತ್ರ ಬಿಡಿಸೋಕೆ ಬರಲ್ಲ" ಅನ್ನುವವರಿಗೆ ಒಂದು ಮಾತು. ಮನೆ ಮುಂದೆ ಎಳೆ ರಂಗೋಲಿ ಬಿಡಲು ಬರುವ ಯಾರಿಗೂ ಈ ಕೆಲಸಕ್ಕೆ ಬೇಕಾದ ಕೈ ಆಗಲೇ ಇದೆ. ನನಗೆ ಅದೂ ಬರುತ್ತಿರಲಿಲ್ಲ, ಅಮ್ಮನ ಹತ್ತಿರ ವಾರ ಕಲಿತೆ.

ಮೊದಲು: ಯಾವ ಊರು ಅಂತ ತೀರ್ಮಾನಿಸಿ

ಮೈಸೂರು ಅಂದರೆ ಉತ್ತರ ಆಗಲಿಲ್ಲ. ಯಾವ ಮೈಸೂರು? ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವವರ ಮೈಸೂರು ಬೇರೆ, ಸಂತೇಪೇಟೆಯಲ್ಲಿ ಮೂಟೆ ಇಳಿಸುವವರ ಮೈಸೂರು ಬೇರೆ. ಇಡೀ ಊರನ್ನು ತುರುಕಲು ಹೋದರೆ ಪೋಸ್ಟ್‌ಕಾರ್ಡ್ ಆಗುತ್ತದೆ. ನಾನು ಮಾಡಿದ ತಪ್ಪು ಅದೇ.

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಊರಿನ ಹೆಸರು ಕೇಳಿದ ಕೂಡಲೇ ಬೇರೆ ಊರಿನವರಿಗೆ ನೆನಪಾಗುವ 10 ವಸ್ತುಗಳನ್ನು ಬರೆಯಿರಿ. ನನ್ನ ಪಟ್ಟಿಯಲ್ಲಿ ಅರಮನೆ, ದಸರಾ, ಪಾಕು, ರೇಷ್ಮೆ ಸೀರೆ, ಗಂಧ ಎಲ್ಲ ಬಂದವು. ಈಗ ಆ ಹತ್ತನ್ನೂ ಹೊಡೆದುಹಾಕಿ. ಉಳಿದ ಜಾಗದಲ್ಲಿ, ನೀವು ಊರು ಬಿಟ್ಟು ಎರಡು ತಿಂಗಳಾದ ಮೇಲೆ ಸುಮ್ನೆ ಕೂತಾಗ ಮೈಗೆ ನೆನಪಾಗುವುದನ್ನು ಬರೆಯಿರಿ. ತಲೆಗಲ್ಲ, ಮೈಗೆ. ನನಗೆ ಬಂದದ್ದು ಇದು: ಅಮ್ಮ ಹೂವು ಕೊಳ್ಳುವಾಗ ನಾನು ಅವಳ ಸೆರಗು ಹಿಡಿದು ನಿಂತು, ಅಳೆಯುವ ಕೈಯನ್ನು ಕೆಳಗಿನಿಂದ ಮೇಲೆ ನೋಡುತ್ತಿದ್ದದ್ದು. ಕಾಲಿಗೆ ಒದ್ದೆ ನೆಲ. ಮೂಗಿಗೆ ಬಾಳೆ ಎಲೆಯ ವಾಸನೆ.

ಇದನ್ನು ಒಂದೇ ವಾಕ್ಯ ಮಾಡಿ ಗೋಡೆಗೆ ಅಂಟಿಸಿ. ನನ್ನದು: "ಮಾರ್ಕೆಟ್ಟಿನಲ್ಲಿ ಅಮ್ಮನ ಸೊಂಟದ ಎತ್ತರದಿಂದ ಕಾಣುವ ಸಂಜೆ." ಮುಂದೆ ಯಾವ ಶಾಟು ಇಡಬೇಕು, ಯಾವುದು ಬಿಡಬೇಕು ಅಂತ ತಲೆ ಕೆಟ್ಟಾಗಲೆಲ್ಲ ಈ ವಾಕ್ಯವೇ ಪಂಚಾಯ್ತಿ ಮಾಡುತ್ತದೆ. ಚಿಕ್ಕಗಡಿಯಾರ ಮಾರ್ಕೆಟ್ಟಿನ ಮಗ್ಗುಲಲ್ಲೇ ಇದೆ, ಬಿಡಿಸಲು ಕೈ ತುರಿಸುತ್ತಿತ್ತು. ಆದರೆ ಸೊಂಟದ ಎತ್ತರದ ಹುಡುಗನಿಗೆ ಗಡಿಯಾರ ಕಾಣುವುದಿಲ್ಲ, ಹಣ್ಣಿನ ಬುಟ್ಟಿಗಳ ತಳ ಕಾಣುತ್ತದೆ. ಗಡಿಯಾರ ಹೋಯಿತು.

ಊರು ಬಿಟ್ಟು ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುವವರಿಗೆ ಈ ಕೆಲಸ ಇನ್ನೂ ಸಲೀಸು ಅಂತ ನನ್ನ ಅನಿಸಿಕೆ. ದಿನಾ ನೋಡದೆ ಇದ್ದಾಗ ಬೇಡದ್ದು ತಾನಾಗಿಯೇ ಉದುರಿಹೋಗಿರುತ್ತದೆ.

ಸುತ್ತಾಟ: ಕ್ಯಾಮೆರಾ ಮನೆಯಲ್ಲಿರಲಿ

ಮೂರು ಸಲ ಸುತ್ತಿ. ಮೂರು ಸಲಕ್ಕೂ ಬೇರೆ ಬೇರೆ ಕೆಲಸ.

ಮೊದಲ ಸಲ ಬರೀ ಕಿವಿ. ಫೋನಿನ ರೆಕಾರ್ಡರ್ ಆನ್ ಮಾಡಿ ಅಂಗಿ ಜೇಬಿನಲ್ಲಿ ಇಡಬೇಡಿ, ಬಟ್ಟೆ ಉಜ್ಜುವ ಸದ್ದು ಬಿಟ್ಟು ಬೇರೇನೂ ಸಿಗುವುದಿಲ್ಲ. ಕೈಯಲ್ಲಿ ಹಿಡಿದು, ಮೈಕಿಗೆ ಒಂದು ತುಂಡು ಸ್ಪಂಜು ಸುತ್ತಿ. ರೆಕಾರ್ಡರಿನ ಸೆಟ್ಟಿಂಗಿನಲ್ಲಿ ಸಾಧ್ಯವಾದರೆ ವೇವ್ ಫೈಲು (ಸದ್ದಿನ ಗುಣಮಟ್ಟ ಕುಗ್ಗಿಸದ ಫೈಲು), 48 ಕಿಲೋಹರ್ಟ್ಸ್ ಅಂತ ಆರಿಸಿ ಹಿಡಿಯಿರಿ. ಒಂದೊಂದು ಸದ್ದಿನ ಹತ್ತಿರವೂ ಕನಿಷ್ಠ 2 ನಿಮಿಷ ನಿಲ್ಲಿ. ಶಟರ್ ಎಳೆಯುವ ಸದ್ದು, ಹೂವಿನ ಮೇಲೆ ನೀರು ಚಿಮುಕಿಸುವ ಸದ್ದು, ಕೈಗಾಡಿಯ ಚಕ್ರ, ಬಾಳೆ ಎಲೆ ಸೀಳುವ ಸದ್ದು. ಇದರ ಜೊತೆಗೆ ಯಾವುದೂ ವಿಶೇಷವಾಗಿ ಕೇಳದ, ಸುಮ್ನೆ ಗುಂಯ್ ಅನ್ನುವ ಜಾಗದ ಸದ್ದು ಒಂದು ನಿಮಿಷ. ಎಡಿಟಿಂಗಿನಲ್ಲಿ ಒಂದು ಸದ್ದಿನಿಂದ ಇನ್ನೊಂದಕ್ಕೆ ದಾಟುವಾಗ ಕೆಳಗೆ ಹಾಸಲು ಅದೇ ಬೇಕು. ಯಾರದ್ದಾದರೂ ಮಾತು ಗುರುತು ಸಿಗುವ ಹಾಗೆ ಬಳಸುವುದಾದರೆ ಅವರನ್ನು ಕೇಳಿಯೇ ಬಳಸಿ. ಹಿಂದೆ ರೇಡಿಯೋದಲ್ಲಿ ಸಿನಿಮಾ ಹಾಡು ಬರುತ್ತಿದ್ದರೆ ಆ ತುಣುಕು ಬಿಟ್ಟುಬಿಡಿ. ಧ್ವನಿಮುದ್ರಣದ ಹಕ್ಕು ನಮ್ಮಲ್ಲಿ ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ, ಮುಂದೆ ಚಿತ್ರೋತ್ಸವಕ್ಕೆ ಕಳಿಸುವಾಗ ಅಡ್ಡ ಬರುತ್ತದೆ.

ಎರಡನೆಯ ಸಲ ನೋಟ್‌ಬುಕ್ಕು, ಪೆನ್ಸಿಲ್ಲು. ನಿಂತಲ್ಲೇ 30 ಸೆಕೆಂಡಿಗೆ ಒಂದು ಗೀಚು. ಚೆಂದ ಬರಬಾರದು. ಚಲನೆ ಮಾತ್ರ ಹಿಡಿಯಿರಿ: ಬೆನ್ನು ಎಷ್ಟು ಬಾಗಿದೆ, ಚೀಲ ಯಾವ ಕಡೆ ವಾಲಿದೆ.

ಮೂರನೆಯ ಸಲ ಏನೂ ಒಯ್ಯಬೇಡಿ. ಮನೆಗೆ ಬಂದು ಒಂದು ಗಂಟೆಯಾದ ಮೇಲೆ ನೆನಪಿನಿಂದ ಬಿಡಿಸಿ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಕೊಟ್ಟಿತು. ನೆನಪು ತಪ್ಪು ಮಾಡುತ್ತದೆ, ಮತ್ತೆ ಆ ತಪ್ಪೇ ನಿಮ್ಮ ಚಿತ್ರ. ನಾನು ಬಿಡಿಸಿದ್ದರಲ್ಲಿ ಹೂವಿನ ಅಂಗಡಿಯ ಬಲ್ಬು ತಟ್ಟೆಯಷ್ಟು ದೊಡ್ಡದಾಗಿತ್ತು. ಹಾಗೇ ಇಟ್ಟುಕೊಂಡೆ.

ಯಾವುದರಲ್ಲಿ ಮಾಡುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಸಾಫ್ಟ್‌ವೇರ್ ಯಾವುದು ಅಂತ ಮೊದಲು ಕೇಳುತ್ತಾರೆ. ಕೇಳಬೇಕಾದದ್ದು, ಊರಿಗೆ ಯಾವ ವಸ್ತು ಒಗ್ಗುತ್ತದೆ ಅಂತ.

ಊರನ್ನೇ ನಾಯಕ ಮಾಡಿದ ಚಿತ್ರಗಳಿಗೆ ನೂರು ವರ್ಷದ ಚರಿತ್ರೆ ಇದೆ. 1927ರಲ್ಲಿ ಬರ್ಲಿನ್ ನಗರದ ಒಂದು ದಿನವನ್ನು ಸಿನಿಮಾ ಮಾಡಿದ ವಾಲ್ಟರ್ ರುಟ್‌ಮನ್, ಅದಕ್ಕೂ ಮೊದಲು ಬರೀ ಆಕಾರಗಳು ಕುಣಿಯುವ ಅನಿಮೇಷನ್ ಮಾಡುತ್ತಿದ್ದವರು. ರೈಲು, ಚಕ್ರ, ಕಿಟಕಿ ಎಲ್ಲವನ್ನೂ ಅವರು ಲಯವಾಗಿ ನೋಡಿದ್ದು ಆ ಅಭ್ಯಾಸದಿಂದ. ನಮಗೆ ಇನ್ನೂ ಹತ್ತಿರದ ಪಾಠ ಜೋಹಾನ್ಸ್‌ಬರ್ಗಿನ ವಿಲಿಯಂ ಕೆಂಟ್ರಿಜ್ ಅವರದ್ದು. 1989ರಿಂದ ಅವರು ತಮ್ಮ ಊರಿನ ಬಗ್ಗೆ ಇದ್ದಿಲಿನಲ್ಲಿ ಚಿತ್ರ ಮಾಡುತ್ತಾ ಬಂದರು. ಫ್ರೇಮಿಗೊಂದು, ಅಂದರೆ ಸಾಲಾಗಿ ಓಡಿಸುವ ಒಂದೊಂದು ಫೋಟೋಗೊಂದು, ಹೊಸ ಹಾಳೆ ಇಲ್ಲ. ಒಂದೇ ಹಾಳೆಯಲ್ಲಿ ಬಿಡಿಸುವುದು, ಕ್ಯಾಮೆರಾ ಹತ್ತಿರ ನಡೆದು ಹೋಗಿ ಫ್ರೇಮ್ ತೆಗೆಯುವುದು, ವಾಪಸ್ ಬಂದು ಸ್ವಲ್ಪ ಅಳಿಸಿ ತಿದ್ದುವುದು. ಇದ್ದಿಲು ಪೂರ್ತಿ ಅಳಿಯುವುದಿಲ್ಲ, ಹಿಂದಿನದ್ದರ ಮಸಿ ಉಳಿಯುತ್ತದೆ. ಗಣಿ ಅಗೆದು ಅಗೆದು ಗಾಯವಾದ ಊರಿಗೆ ಅದಕ್ಕಿಂತ ಸರಿಯಾದ ವಸ್ತು ಯಾವುದಿದೆ? ಮಾಂಟ್ರಿಯಲ್ ನಗರದ ಒಂದು ಕುಟುಂಬದ ಕಥೆಯನ್ನು 1976ರಲ್ಲಿ ಕ್ಯಾರೋಲಿನ್ ಲೀಫ್ ಗಾಜಿನ ಮೇಲೆ ಬಣ್ಣ ಸವರಿ ಮಾಡಿದರು. ಬಣ್ಣ ಒಣಗದಿರಲು ಗ್ಲಿಸರಿನ್ ಬೆರೆಸುತ್ತಿದ್ದರು. ಹಸಿ ಬಣ್ಣದಲ್ಲಿ ಒಂದು ಮುಖ ಇನ್ನೊಂದು ಮುಖಕ್ಕೆ ಕರಗಿಹೋಗುತ್ತದೆ.

ಹಾಗಾಗಿ ನಿಮ್ಮ ಊರಿಗೆ ಯಾವುದು ಅಂತ ಯೋಚಿಸಿ. ಮಂಗಳೂರಿನ ಮಳೆಗೆ ಗಾಜಿನ ಮೇಲಿನ ಬಣ್ಣ ಚೆನ್ನ. ಬಳ್ಳಾರಿಯವರು ಕೆಂಪು ಮಣ್ಣನ್ನೇ ಜರಡಿ ಹಿಡಿದು ಬಳಸಬಹುದು. ಬೆಂಗಳೂರಿನವರಿಗೆ ಸೈಟು, ಫ್ಲಾಟು ಅಂತ ಗೇಟಿಗೆ ಸಿಕ್ಕಿಸಿ ಹೋಗುವ ಪಾಂಪ್ಲೆಟ್ಟುಗಳನ್ನು ಕತ್ತರಿಸಿ ಇಡೀ ಊರು ಕಟ್ಟಬಹುದು, ಕಚ್ಚಾವಸ್ತು ಮುಗಿಯುವುದಿಲ್ಲ.

ನಾನು ರಂಗೋಲಿ ಪುಡಿ ಹಿಡಿದದ್ದಕ್ಕೆ ಕಾರಣ ಎರಡು. ಅದು ಬೆಳಗ್ಗೆ ಬಿಟ್ಟು ಮರುದಿನ ಗುಡಿಸುವ ವಸ್ತು, ಅಳಿಯುವುದು ಅದರ ಸ್ವಭಾವದಲ್ಲೇ ಇದೆ. ಇನ್ನೊಂದು, 2016ರಲ್ಲಿ ಮಾರ್ಕೆಟ್ಟಿನ ಉತ್ತರ ಬದಿಯ ಒಂದಿಷ್ಟು ಭಾಗ ಕುಸಿದುಬಿತ್ತು. ಒಡೆದು ಕಟ್ಟಬೇಕೋ, ಇದ್ದದ್ದನ್ನೇ ಉಳಿಸಿ ರಿಪೇರಿ ಮಾಡಬೇಕೋ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಆ ಕಟ್ಟಡವನ್ನು ಇಂಕಿನಲ್ಲಿ ಗಟ್ಟಿ ಗೆರೆ ಹಾಕಿ ಬಿಡಿಸಲು ನನಗೆ ಮನಸ್ಸು ಬರಲಿಲ್ಲ. ಉಫ್ ಅಂದರೆ ಹಾರುವ ಪುಡಿಯಲ್ಲೇ ಇರಲಿ ಅನಿಸಿತು.

ಪುಡಿ ಕೊಳ್ಳುವಾಗ ಎಚ್ಚರ. ಅಕ್ಕಿ ಹಿಟ್ಟು ಬೇಡ. ನನ್ನ ಮೊದಲ ವಾರ ಅಕ್ಕಿ ಹಿಟ್ಟಿನಲ್ಲೇ ಹೋಯಿತು. 212ನೇ ಫ್ರೇಮ್ ತೆಗೆದು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಇರುವೆ ಸಾಲು ಬಸ್ಸಿನ ಹಿಂದಿನ ಚಕ್ರವನ್ನು ಪೂರ್ತಿ ಹೊತ್ತುಕೊಂಡು ಹೋಗಿತ್ತು! ಕಲ್ಲಿನ ಪುಡಿಯೇ ತನ್ನಿ. ಎರಡು ಜರಡಿಯಲ್ಲಿ ಸೋಸಿ ನುಣುಪು ಬೇರೆ, ತರಿ ಬೇರೆ ಮಾಡಿ. ನುಣುಪು ಪುಡಿ ಮುಖ, ಬೆಳಕು, ಮಂಜಿಗೆ. ತರಿ ಪುಡಿ ನೆಲ, ಗೋಡೆ, ಗುಂಪಿಗೆ. ಸೋಸುವಾಗ ಮಾಸ್ಕ್ ಹಾಕಿಕೊಳ್ಳಿ, ಕಲ್ಲುಪುಡಿ ಉಸಿರಾಟಕ್ಕೆ ಒಳ್ಳೆಯದಲ್ಲ.

ಬಣ್ಣದ ಆಸೆ ಹತ್ತಿಕ್ಕಿ. ದೇವರಾಜ ಮಾರ್ಕೆಟ್ಟು ಅಂದರೆ ಕ್ಯಾಮೆರಾ ಹಿಡಿದವರೆಲ್ಲ ಕುಂಕುಮದ ಗೋಪುರಗಳನ್ನೇ ತೆಗೆಯುತ್ತಾರೆ. ನಾನು ಇಡೀ ಚಿತ್ರ ಕಪ್ಪು ಬಿಳುಪಲ್ಲಿ ಇಟ್ಟು, ಒಂದೇ ಕಡೆ ಅಮ್ಮನ ಹಣೆಗೆ ಚಿಟಿಕೆ ಕುಂಕುಮ ಹಾಕಿದೆ. ಆ ಶಾಟನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಿರಿ. ಕುಂಕುಮ ಒಮ್ಮೆ ಬಿಳಿ ಪುಡಿಗೆ ಸೇರಿತೋ, ಆ ಪುಡಿ ಮುಂದೆಂದೂ ಬಿಳಿಯಾಗುವುದಿಲ್ಲ.

ಸದ್ದು ಮೊದಲು, ಚಿತ್ರ ಆಮೇಲೆ

ಕಥೆ ಇಲ್ಲದ ಚಿತ್ರಕ್ಕೆ ಬೆನ್ನೆಲುಬು ಬೇಕಲ್ವಾ? ಅದು ಸದ್ದು. ತಂದ ರೆಕಾರ್ಡಿಂಗುಗಳನ್ನು ಅಡಾಸಿಟಿಯಲ್ಲಿ ಹಾಕಿ (ಸದ್ದು ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ) ಒಂದೂವರೆ ನಿಮಿಷದ ಸದ್ದಿನ ಹಾದಿ ಮೊದಲು ಕಟ್ಟಿ. ಕಣ್ಣು ಮುಚ್ಚಿ ಕೇಳಿ. ಎಲ್ಲಿ ಬೇಜಾರಾಯಿತೋ ಅಲ್ಲಿ ಚಿತ್ರವೂ ಬೇಜಾರು ಮಾಡುತ್ತದೆ, ಅಲ್ಲಿ ಕತ್ತರಿಸಿ.

ಈಗ ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ನನ್ನ 88 ಸೆಕೆಂಡಿಗೆ 1056 ಚಿತ್ರ. ಮೂರು ಮೂರು ನಿಲ್ಲಿಸಿದರೆ ಸೆಕೆಂಡಿಗೆ 8, ಒಟ್ಟು 704. ಕನಸಿನಂಥ ಭಾಗಕ್ಕೆ 8 ಚೆನ್ನಾಗಿಯೇ ಇರುತ್ತದೆ, ಕೈಕೆಲಸ ತೋರಿಸುವ ಭಾಗಕ್ಕೆ 12 ಬೇಕು. ಎರಡನ್ನೂ ಬೆರೆಸಬಹುದು. ನಾನು ಸಂಜೆ ಊಟಕ್ಕೆ ಮೊದಲು ಕೂತು ದಿನಕ್ಕೆ ಸುಮಾರು 40 ಫ್ರೇಮ್ ತೆಗೆಯುತ್ತಿದ್ದೆ. ಹಾಳಾದದ್ದೆಲ್ಲ ಸೇರಿ ಐದು ವಾರ ಹಿಡಿಯಿತು.

ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ, ಸೆಕೆಂಡುಗಳ ಗೆರೆ ಹಾಕಿ, ಸದ್ದುಗಳ ಹೆಸರು ಬರೆಯಿರಿ. ಅದರ ಕೆಳಗೆ ಬೆರಳುಗುರಿನಷ್ಟು ಸಣ್ಣ ಚಿತ್ರಗಳು. ನಂತರ ಆ ಸಣ್ಣ ಚಿತ್ರಗಳ ಫೋಟೋ ತೆಗೆದು ಸದ್ದಿನ ಮೇಲೆ ಕೂರಿಸಿ ಒಮ್ಮೆ ಓಡಿಸಿ ನೋಡಿ. ಅನಿಮೇಷನ್ ಕೆಲಸದಲ್ಲಿ ಪಳಗಿದವರು ಇದಕ್ಕೆ ಅನಿಮ್ಯಾಟಿಕ್ ಅನ್ನುತ್ತಾರೆ. ನನ್ನದರಲ್ಲಿ ಬಸ್ಸಿನ ಭಾಗ 40 ಸೆಕೆಂಡ್ ಇತ್ತು. ಅನಿಮ್ಯಾಟಿಕ್ ನೋಡಿ 22ಕ್ಕೆ ಇಳಿಸಿದೆ. ಒಂದೇ ಮಧ್ಯಾಹ್ನದಲ್ಲಿ 216 ಚಿತ್ರ ಬಿಡಿಸುವ ಕೆಲಸ ತಪ್ಪಿತು.

ಮೇಜು ಕಟ್ಟುವುದು

ಎರಡು ಅಡಿಗೆ ಒಂದೂವರೆ ಅಡಿ ಪ್ಲೈವುಡ್ಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಹೊಳಪಿದ್ದರೆ ದೀಪ ಪ್ರತಿಫಲಿಸುತ್ತದೆ. ಹಲಗೆಯ ನೇರ ಮೇಲೆ ಫೋನು ಮುಖ ಕೆಳಗೆ ಮಾಡಿ ನಿಲ್ಲಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಎರಡು ಸ್ಟೂಲಿನ ಮೇಲೆ ಒಂದು ಹಲಗೆ ಅಡ್ಡ ಹಾಕಿ, ಅದಕ್ಕೆ ತೂತು ಕೊರೆದು ಫೋನು ಕೂರಿಸಿ. ಮೇಜಿನ ನಾಲ್ಕೂ ಕಾಲಿನ ಸುತ್ತ ನೆಲದ ಮೇಲೆ ಟೇಪಿನಲ್ಲಿ ಗುರುತು ಹಾಕಿ. ಮನೆ ಒರೆಸುವವರು ಸರಿಸಿದರೆ ವಾಪಸ್ ಅಲ್ಲಿಗೇ ತರಬಹುದು.

ದೀಪ ಎರಡು, ಎಡಕ್ಕೊಂದು ಬಲಕ್ಕೊಂದು, ಹಲಗೆಗೆ ಓರೆಯಾಗಿ. ದೀಪ ಎಷ್ಟು ತಗ್ಗಿದರೆ ಪುಡಿಯ ಗುಡ್ಡೆ ಅಷ್ಟು ಎದ್ದು ಕಾಣುತ್ತದೆ. ಕಿಟಕಿಗೆ ದಪ್ಪ ಬೆಡ್‌ಶೀಟ್ ಹಾಕಿ, ಇಲ್ಲದಿದ್ದರೆ ಮೋಡ ಬಂದು ಹೋದಾಗಲೆಲ್ಲ ಚಿತ್ರ ಮಿಟುಕುತ್ತದೆ. ಬಿಳಿ ಅಂಗಿ ಹಾಕಿಕೊಂಡು ಕೂರಬೇಡಿ, ಅದರ ಬೆಳಕೂ ಹಲಗೆಗೆ ಬೀಳುತ್ತದೆ. ವೋಲ್ಟೇಜ್ ಏರಿಳಿತದ ಕಾಟ ಇರುವ ಕಡೆ ಪವರ್ ಬ್ಯಾಂಕಿನಲ್ಲಿ ಉರಿಯುವ ಎಲ್‌ಇಡಿ ಪ್ಯಾನಲ್ ವಾಸಿ.

ಫೋನಿಗೆ ಸ್ಟಾಪ್ ಮೋಷನ್ ಸ್ಟುಡಿಯೋ ಆ್ಯಪ್ ಸಾಕು. ಕಂಪ್ಯೂಟರ್ ಮತ್ತು ಒಳ್ಳೆಯ ಕ್ಯಾಮೆರಾ ಇದ್ದವರು ಡ್ರ್ಯಾಗನ್‌ಫ್ರೇಮ್ ಅನ್ನುವ ಸಾಫ್ಟ್‌ವೇರ್ ಕೊಳ್ಳುತ್ತಾರೆ, ಮೊದಲ ಚಿತ್ರಕ್ಕೆ ಬೇಡ. ಆ್ಯಪಿನಲ್ಲಿ ಮೂರನ್ನು ಲಾಕ್ ಮಾಡಿ: ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ). ಆಟೋದಲ್ಲಿ ಬಿಟ್ಟರೆ ನಿಮ್ಮ ಬಿಳಿ ಪುಡಿ ಜಾಸ್ತಿಯಾದ ಹಾಗೆಲ್ಲ ಫೋನು ಚಿತ್ರವನ್ನು ಕತ್ತಲು ಮಾಡುತ್ತಾ ಹೋಗುತ್ತದೆ. ಶಟರ್ ವೇಗ ಕೈಯಿಂದ ಇಡಲು ಬಂದರೆ ಸೆಕೆಂಡಿನ 50ನೇ ಒಂದು ಭಾಗ, ಅಥವಾ 25ನೇ ಒಂದು ಭಾಗ ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಇದಕ್ಕೆ ಹೊಂದಿಕೊಂಡರೆ ದೀಪದ ಮಿಟುಕು ಫ್ರೇಮಿನಲ್ಲಿ ಬರುವುದಿಲ್ಲ. ಬಟನ್ ಒತ್ತುವಾಗ ಫೋನು ಅಲುಗುತ್ತದೆ, ಆದ್ದರಿಂದ ಇಯರ್‌ಫೋನಿನ ವಾಲ್ಯೂಮ್ ಬಟನ್ನನ್ನೋ ಬ್ಲೂಟೂತ್ ರಿಮೋಟನ್ನೋ ಬಳಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಒಂದು ಸಲ ಫೋನು ವೈಬ್ರೇಟ್ ಆಗಿ ನನ್ನ ಮಾರ್ಕೆಟ್ಟಿಗೆ ಭೂಕಂಪವಾಗಿತ್ತು.

ಫ್ಯಾನ್ ಆಫ್. ಇದು ಹೇಳಬೇಕಾ ಅನಿಸಬಹುದು. ಏಪ್ರಿಲ್ ತಿಂಗಳ ಸಂಜೆ ಒಮ್ಮೆ ಮರೆತು ನೋಡಿ.

ಮೊದಲ ಮೂರು ದಿನ ಚಿತ್ರದ ಫ್ರೇಮ್ ತೆಗೆಯಲೇಬೇಡಿ. ಒಂದು ಚುಕ್ಕಿಯನ್ನು ಹಲಗೆಯ ಈ ತುದಿಯಿಂದ ಆ ತುದಿಗೆ 24 ಫ್ರೇಮಿನಲ್ಲಿ ಓಡಿಸಿ. ಒಂದೊಂದು ಸಲವೂ ಒಂದೇ ದೂರ ಸರಿಸಿದರೆ ಅದು ಜಾರುವ ಕ್ಯಾರಂ ಕಾಯಿಯ ಹಾಗೆ, ಜೀವ ಇರುವುದಿಲ್ಲ. ಶುರುವಿಗೆ ಹತ್ತಿರ ಹತ್ತಿರ, ನಡುವೆ ದೂರ ದೂರ, ಕೊನೆಗೆ ಮತ್ತೆ ಹತ್ತಿರ ಇಟ್ಟು ನೋಡಿ. ಚುಕ್ಕಿಗೆ ತೂಕ ಬಂದಿರುತ್ತದೆ.

ಒಂದು ಮೊಳ ಹೂವು: ಒಂದೇ ಶಾಟಿನ ಬಿಡಿಬಿಡಿ ಲೆಕ್ಕ

ನನ್ನ ಚಿತ್ರದ ನಡುಭಾಗ ಇದು. ಹೂವಿನಮ್ಮ ಮಲ್ಲಿಗೆ ಅಳೆಯುತ್ತಾರೆ. ಬೆರಳ ತುದಿಯಿಂದ ಮೊಣಕೈವರೆಗೆ ಒಂದು ಮೊಳ. ಕೊಳ್ಳುವವರಿಗೆ ಯಾವಾಗಲೂ ಮಾರುವವರ ಮೊಳ ಗಿಡ್ಡ ಅಂತಲೇ ಅನುಮಾನ. ಅಮ್ಮನಿಗಂತೂ ಇತ್ತು.

ನನ್ನ ರೆಕಾರ್ಡಿಂಗಿನಲ್ಲಿ ಮೂರು ಮೊಳ ಅಳೆಯಲು ಎರಡೂವರೆ ಸೆಕೆಂಡ್ ಹಿಡಿದಿತ್ತು. ಅಂದರೆ 30 ಚಿತ್ರ, ಮೊಳಕ್ಕೆ 10. ಹಲಗೆಯ ಮೇಲೆ ಕೈ ಸರಿಯಬೇಕಾದ ದೂರ 64 ಮಿಲಿಮೀಟರ್. ಅದನ್ನು 7 ಹೆಜ್ಜೆ ಮಾಡಿದೆ: 2, 5, 10, 30, 10, 5, 2. ನಡುವಿನ 30ರಲ್ಲಿ ಕೈ ಎಷ್ಟು ವೇಗ ಅಂದರೆ ಅದನ್ನು ಸರಿಯಾಗಿ ಬಿಡಿಸುವ ಅಗತ್ಯವೇ ಇಲ್ಲ. ಪುಡಿಯನ್ನು ಬೆರಳಿನಿಂದ ಸವರಿದೆ, ಬಿಳಿ ಬಾಲ ಒಂದು ಬಂತು. ಓಡಿಸಿದಾಗ ಕಣ್ಣಿಗೆ ಅದು ಕೈಯಾಗಿಯೇ ಕಾಣುತ್ತದೆ. ಉಳಿದ 3 ಚಿತ್ರ ನಿಲ್ಲುವುದಕ್ಕೆ, ಹೆಬ್ಬೆರಳು ದಾರವನ್ನು ಒತ್ತಿ ಹಿಡಿಯುವ ಕ್ಷಣ. ಇಲ್ಲೊಂದು ಗುಟ್ಟಿದೆ. ನಿಲ್ಲುವ ಚಿತ್ರಗಳನ್ನು ಹಾಗೇ ಬಿಟ್ಟರೆ ಸತ್ತ ಹಾಗೆ ಕಾಣುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಅಂಚನ್ನು ಕೂದಲೆಳೆಯಷ್ಟು ಕೆದಕಿ. ಗೆರೆ ಉಸಿರಾಡುತ್ತದೆ.

ಹೂವುಗಳನ್ನು ಒಂದೊಂದಾಗಿ ಬಿಡಿಸಬೇಡಿ, ಹುಚ್ಚು ಹಿಡಿಯುತ್ತದೆ. ಕಾಗದದ ಕೊಳವೆಯಿಂದ ತರಿ ಪುಡಿಯನ್ನು ಚುಕ್ಕಿ ಚುಕ್ಕಿಯಾಗಿ ಉದುರಿಸಿ, ಪೊರಕೆ ಕಡ್ಡಿಯಿಂದ ನಡುವೆ ಒಂದು ಗೀರು ಎಳೆದರೆ ದಂಡೆಯಾಯಿತು. ಅಳಿಸಲು ಒಣ ಬ್ರಷ್ಷು. ಉಸಿರು ಬಿಗಿಹಿಡಿದು ಅಳಿಸಿ, ಊದಿ ಅಳಿಸಬೇಡಿ.

ಆ್ಯಪಿನಲ್ಲಿ ಹಿಂದಿನ ಫ್ರೇಮ್ ಮಸುಕಾಗಿ ಕಾಣುವ ಆನಿಯನ್ ಸ್ಕಿನ್ ಅನ್ನುವ ಸೌಲಭ್ಯ ಇರುತ್ತದೆ. ಆನ್ ಮಾಡಿಕೊಳ್ಳಿ, ಪುಡಿಯಲ್ಲಿ ಹಿಂದಿನ ಚಿತ್ರ ಅಳಿದುಹೋಗಿರುತ್ತದಲ್ಲ, ಅದೊಂದೇ ಆಸರೆ. ಹತ್ತು ಫ್ರೇಮಿಗೊಮ್ಮೆ ಓಡಿಸಿ ನೋಡಿ. ಪ್ರತಿ ಫ್ರೇಮಿಗೂ ನೋಡಿದರೆ ಕೆಲಸ ಸಾಗುವುದಿಲ್ಲ, ಐವತ್ತಕ್ಕೊಮ್ಮೆ ನೋಡಿದರೆ ತಪ್ಪು ತಿದ್ದಲು ಆಗುವುದಿಲ್ಲ. ಇದರಲ್ಲಿ ಹಿಂದಕ್ಕೆ ಹೋಗುವ ದಾರಿ ಇಲ್ಲ. ಸೀನು ಬಂದರೆ ಓಡಿಹೋಗಿ ಬೇರೆ ಕೋಣೆಯಲ್ಲಿ ಸೀನಿ. ಆದರೂ ಕೆಟ್ಟರೆ ಕೆಟ್ಟದ್ದನ್ನೇ ಮುಂದಿನ ಫ್ರೇಮ್ ಮಾಡಿಕೊಳ್ಳಿ. ನನ್ನ ಚಿತ್ರದಲ್ಲಿ ಅಂಗಡಿಯ ಸೂರಿನಿಂದ ಹಠಾತ್ತನೆ ಧೂಳು ಉದುರುವ ಜಾಗ ಒಂದಿದೆ. ಅದು ಅಂಗಿಯ ತೋಳು ತಗುಲಿದ್ದು.

ಶಾಟಿನಿಂದ ಶಾಟಿಗೆ: ಕತ್ತರಿಸಬೇಡಿ, ಮಾರ್ಪಡಿಸಿ

ಪುಡಿ, ಮರಳು, ಹಸಿ ಬಣ್ಣ, ಇವುಗಳ ದೊಡ್ಡ ಅನುಕೂಲ ಇದು. ಗೆರೆ ಹಾಗೇ ಉಳಿದು ಅರ್ಥ ಮಾತ್ರ ಬದಲಾಗಬಹುದು. ಅಳೆದು ಮುಗಿದ ಹೂವಿನ ದಾರ ಉದ್ದವಾಗುತ್ತಾ ಹೋಗಿ ಕರೆಂಟು ತಂತಿಯಾಯಿತು. ತಂತಿ ಕೆಳಗಿಳಿದು ಬಸ್ಸಿನೊಳಗೆ ನಿಂತವರು ಹಿಡಿಯುವ ಕಂಬಿಯಾಯಿತು. ಹೂವಿನ ಚುಕ್ಕಿಗಳು ಕಿಟಕಿಯಾಚೆಯ ಬೀದಿದೀಪಗಳಾದವು. ನೆನಪು ಕೆಲಸ ಮಾಡುವುದೂ ಹೀಗೇ, ಒಂದರಿಂದ ಒಂದಕ್ಕೆ ಜಾರಿಕೊಂಡು.

ಮಾಡುವ ಕ್ರಮ: ಎರಡು ಚಿತ್ರಗಳಲ್ಲಿ ಒಂದೇ ಥರ ಇರುವ ಒಂದು ಗೆರೆ ಹುಡುಕಿ. ಮೊದಲು ಆ ಗೆರೆ ಬಿಟ್ಟು ಉಳಿದದ್ದನ್ನೆಲ್ಲ 6 ರಿಂದ 8 ಫ್ರೇಮಿನಲ್ಲಿ ಅಳಿಸಿ. ಬರೀ ಆ ಗೆರೆ ಒಂಟಿಯಾಗಿ 3 ಫ್ರೇಮ್ ನಿಲ್ಲಲಿ. ಆಮೇಲೆ ಹೊಸದನ್ನು ಅದರ ಸುತ್ತ ಬೆಳೆಸಿ. ನಡುವಿನ ಆ 3 ಫ್ರೇಮ್ ಇಡದಿದ್ದರೆ ನೋಡುವವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಆದರೆ ಇಡೀ ಚಿತ್ರದಲ್ಲಿ ಇಂಥವು ನಾಲ್ಕೈದಕ್ಕಿಂತ ಜಾಸ್ತಿ ಬೇಡ. ಎಲ್ಲವೂ ಎಲ್ಲವಾಗುತ್ತಾ ಹೋದರೆ ಜಾದೂ ತೋರಿಸಿದ ಹಾಗಾಗುತ್ತದೆ, ಊರು ಮಾಯ.

ಪ್ರತಿದಿನ ಕೆಲಸ ಮುಗಿದ ಮೇಲೆ ಫ್ರೇಮುಗಳನ್ನು ಎರಡು ಕಡೆ ಕಾಪಿ ಮಾಡಿ. ಹಲಗೆ ಗುಡಿಸುವುದು ಆಮೇಲೆ.

ಎಡಿಟಿಂಗು, ಹೆಸರು, ಕಳಿಸುವುದು

ಇದು ಬೇಗ ಮುಗಿಯುತ್ತದೆ, ಯಾಕೆಂದರೆ ಅನಿಮ್ಯಾಟಿಕ್‌ನಲ್ಲೇ ಮುಕ್ಕಾಲು ಎಡಿಟಿಂಗ್ ಆಗಿದೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಪುಕ್ಕಟೆ ಆವೃತ್ತಿ ಸಾಕು. ಫ್ರೇಮುಗಳನ್ನು ಸಾಲಾಗಿ ಹಾಕಿ, 24 ಫ್ರೇಮಿನ ಟೈಮ್‌ಲೈನಿನಲ್ಲಿ ಒಂದೊಂದೂ ಎರಡು ಫ್ರೇಮ್ ನಿಲ್ಲುವಂತೆ ಇಡಿ. ಸದ್ದನ್ನು ಚಿತ್ರಕ್ಕಿಂತ ಸ್ವಲ್ಪ ಮುಂಚೆ ಬಿಡಿ: ಅಂಗಡಿಯ ಶಟರ್ ಕಾಣುವ ಮೊದಲೇ ಅರ್ಧ ಸೆಕೆಂಡ್ ಅದರ ಸದ್ದು ಬರಲಿ. ಹಿನ್ನೆಲೆ ಸಂಗೀತ ಹಾಕುವ ಆಸೆ ಆಗುತ್ತದೆ, ವೀಣೆಯೋ ಕೊಳಲೋ. ಹಾಕಿದ ಕೂಡಲೇ ಅದು ಮತ್ತೆ ಪ್ರವಾಸಿ ಜಾಹೀರಾತು. ನಾನು ಒಂದು ಸಲ ಹಾಕಿ ತೆಗೆದೆ.

ಹೆಸರುಗಳನ್ನು ಪುಡಿಯಲ್ಲೇ ಕೈಯಿಂದ ಬರೆಯಿರಿ. ಕಂಪ್ಯೂಟರಿನ ಅಕ್ಷರ ಬಂದರೆ ಆವರೆಗಿನ ಗುಂಗು ಮುರಿಯುತ್ತದೆ. ಮಾತಿದ್ದರೆ ಇಂಗ್ಲಿಷ್ ಸಬ್‌ಟೈಟಲ್ ಬೇರೆ ಫೈಲಿನಲ್ಲಿ ಮಾಡಿಡಿ, ತೆಗೆಯಲು ಬಾರದ ಹಾಗೆ ಚಿತ್ರದ ಮೇಲೇ ಕೂರಿಸಬೇಡಿ. ಮಿಫ್ (ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ) ಅನಿಮೇಷನ್ ಚಿತ್ರಗಳನ್ನು ತೆಗೆದುಕೊಳ್ಳುತ್ತದೆ. ಹೊರಗಡೆ ಫ್ರಾನ್ಸಿನ ಆನ್ಸಿ 1960ರಿಂದ, ಜಾಗ್ರೆಬ್ 1972ರಿಂದ ಅನಿಮೇಷನ್ನಿಗೆಂದೇ ಇರುವ ಉತ್ಸವಗಳು. ಯೂಟ್ಯೂಬಿಗೆ ಹಾಕುವ ಮೊದಲು ಕಳಿಸಬೇಕೆಂದಿರುವ ಉತ್ಸವದ ನಿಯಮ ಓದಿಕೊಳ್ಳಿ. ಆಗಲೇ ಆನ್‌ಲೈನಿನಲ್ಲಿ ಇರುವ ಚಿತ್ರವನ್ನು ಕೆಲವರು ಒಪ್ಪುವುದಿಲ್ಲ.

ಕಳಿಸುವುದಕ್ಕೂ ಮೊದಲು ಇನ್ನೊಂದು ಕೆಲಸ ಇದೆ, ನಾನು ತಡವಾಗಿ ಮಾಡಿದ್ದು. ನಿಮ್ಮ ಚಿತ್ರದಲ್ಲಿ ಯಾರ ಕೆಲಸ ಇದೆಯೋ ಅವರಿಗೆ ತೋರಿಸಿ. ನಾನು ಫೋನು ಹಿಡಿದುಕೊಂಡು ಮಾರ್ಕೆಟ್ಟಿಗೆ ಹೋದೆ. ಹೂವಿನಮ್ಮ ಒಂದು ಕೈಯಲ್ಲಿ ದಾರ ಹಿಡಿದೇ ಪೂರ್ತಿ ನೋಡಿದರು. "ಎಲ್ಲಾ ಸರಿ ಇದೆ ಕಣಪ್ಪಾ, ಆದ್ರೆ ಇವಳ್ಯಾಕೆ ಕೈ ನೋಡ್ಕೊಂಡು ಅಳೀತಾಳೆ? ನಾವು ಅಳೆಯುವಾಗ ಹೂವ ನೋಡ್ತೀವಾ? ಮುಂದಿನ ಗಿರಾಕಿ ಎಲ್ಲಿ ಹೋದ್ರು ಅಂತ ನೋಡ್ತೀವಿ" ಅಂದರು. ಅಲ್ಲೇ ನಿಂತು ನೋಡಿದೆ. ನಿಜ, ಒಂದು ಸಲವೂ ಅವರ ಕಣ್ಣು ಕೈ ಮೇಲೆ ಇರಲಿಲ್ಲ.

ಪುಡಿಯಲ್ಲಿ ಬರೀ ಕಣ್ಣು ತಿದ್ದಲು ಆಗುವುದಿಲ್ಲ. ಆ 30 ಚಿತ್ರವನ್ನೂ ಮೊದಲಿನಿಂದ ತೆಗೆದೆ, ಎರಡು ಸಂಜೆ ಹಿಡಿಯಿತು.